ಒಂದು ಬ್ರೋಕರ್ ಬಳಿ ಕೊಂಡ ಷೇರನ್ನು ಇನ್ನೊಂದು ಬ್ರೋಕರ್ ಮೂಲಕ ಮಾರುವಾಗ ಬರುವ ತೊಡಕುಗಳು: ಲಕ್ಷಣದಿಂದ ಕಾರಣಕ್ಕೆ

ಷೇರನ್ನು ಯಾವ ಬ್ರೋಕರ್ ಮೂಲಕ ಕೊಂಡಿದ್ದೇವೆಯೋ ಅದೇ ಬ್ರೋಕರ್ ಮೂಲಕ ಮಾರಬೇಕೆಂಬ ನಿಯಮ ಭಾರತದಲ್ಲಿ ಇಲ್ಲ. ಆದರೂ ಬ್ರೋಕರ್ ಬದಲಾಯಿಸಿ ಮಾರಲು ಹೊರಟವರಲ್ಲಿ ಅನೇಕರು ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಈ ತೊಡಕುಗಳ ಬೇರು ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಆಗಿರುತ್ತದೆ. ಟ್ರೇಡಿಂಗ್ ಖಾತೆ ಮತ್ತು ಡಿಮ್ಯಾಟ್ ಖಾತೆ ಎರಡನ್ನೂ ನಾವು ಒಂದೇ ಆ್ಯಪ್‌ನಲ್ಲಿ ನೋಡುವುದರಿಂದ ಅವೆರಡೂ ಒಂದೇ ಎಂದು ಭಾವಿಸಿಬಿಡುತ್ತೇವೆ.

ಟ್ರೇಡಿಂಗ್ ಖಾತೆ ಬ್ರೋಕರ್ ಬಳಿ ಇರುತ್ತದೆ. ಅದರ ಕೆಲಸ ಆರ್ಡರ್ ಹಾಕುವುದು. ಡಿಮ್ಯಾಟ್ ಖಾತೆ 1996ರ ಡಿಪಾಸಿಟರಿ ಕಾಯ್ದೆಯಡಿ ನಡೆಯುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿರುತ್ತದೆ. ಅದರ ಕೆಲಸ ಷೇರನ್ನು ಇಟ್ಟುಕೊಳ್ಳುವುದು. ಇವೆರಡರ ನಡುವೆ ಡಿಪಾಸಿಟರಿಯ ಪ್ರತಿನಿಧಿಯಾಗಿ ನಿಲ್ಲುವ ಸಂಸ್ಥೆಗೆ ಡಿಪಿ ಎನ್ನುತ್ತಾರೆ. ಸಾಮಾನ್ಯವಾಗಿ ಬ್ರೋಕರ್ ಅಥವಾ ಬ್ಯಾಂಕೇ ಡಿಪಿಯೂ ಆಗಿರುತ್ತದೆ. ಹೊಸ ಬ್ರೋಕರ್ ಮೂಲಕ ಮಾರಬೇಕಾದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಹಳೆಯ ಡಿಮ್ಯಾಟ್ ಖಾತೆಯಲ್ಲಿರುವ ಷೇರನ್ನು ಮೊದಲು ಹೊಸ ಬ್ರೋಕರ್ ಬಳಿಯ ನಿಮ್ಮದೇ ಡಿಮ್ಯಾಟ್ ಖಾತೆಗೆ ವರ್ಗಾಯಿಸಿ, ಆಮೇಲೆ ಮಾರುವುದು ಒಂದು. ಹಳೆಯ ಡಿಮ್ಯಾಟ್ ಖಾತೆಯನ್ನು ಹೊಸ ಟ್ರೇಡಿಂಗ್ ಖಾತೆಗೆ ಜೋಡಿಸಿ, ಮಾರಿದ ದಿನವೇ ಷೇರನ್ನು ಒಪ್ಪಿಸುವ ಸೂಚನೆಯನ್ನು ಹಳೆಯ ಡಿಪಿಗೆ ಕೊಡುವುದು ಇನ್ನೊಂದು. ಎರಡನೆಯದು ನಿಯಮಬದ್ಧವೇ ಆದರೂ ಕಡಿಮೆ ದಲ್ಲಾಳಿ ಶುಲ್ಕದ ಅನೇಕ ಆನ್‌ಲೈನ್ ಬ್ರೋಕರ್‌ಗಳು ಬೇರೆ ಡಿಪಿಯ ಖಾತೆಯನ್ನು ಜೋಡಿಸಿಕೊಳ್ಳುವುದಿಲ್ಲ. ವರ್ಷಕ್ಕೆ ಒಂದೆರಡು ಬಾರಿ ಮಾರುವ ಸಾಮಾನ್ಯ ಹೂಡಿಕೆದಾರರಿಗೆ ಮೊದಲ ದಾರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದರಲ್ಲಿ ಒಂದೆರಡು ದಿನ ತಡವಾಗಬಹುದು, ಆದರೆ ಷೇರು ಕೈಯಲ್ಲಿ ಇಲ್ಲದಿರುವಾಗ ಮಾರಿಬಿಡುವ ಅಪಾಯವಿರುವುದಿಲ್ಲ.

ಯಾವ ತೊಡಕೇ ಇರಲಿ, ಮುಂದಿನ ಹೆಜ್ಜೆ ಇಡುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬೇಕು. ನಿಮ್ಮ ಪ್ಯಾನ್ ಸಂಖ್ಯೆಗೆ ಸೇರಿದ ಎಲ್ಲ ಡಿಮ್ಯಾಟ್ ಖಾತೆಗಳ ಒಟ್ಟು ವಿವರಪಟ್ಟಿಯನ್ನು ಡಿಪಾಸಿಟರಿಗಳು ಇ-ಮೇಲ್ ಮೂಲಕ ಕಳುಹಿಸುತ್ತವೆ. ಅದನ್ನು ತೆರೆದು ಮಾರಬೇಕಾದ ಷೇರು ಯಾವ ಖಾತೆಯಲ್ಲಿದೆ, ಎಷ್ಟಿದೆ, ಆ ಖಾತೆಯ 16 ಅಂಕಿ-ಅಕ್ಷರಗಳ ಸಂಖ್ಯೆ ಏನು ಎಂಬುದನ್ನು ಬರೆದಿಟ್ಟುಕೊಳ್ಳಿ. ಸಂಖ್ಯೆ ಐಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾದರೆ ಅದು ಎನ್‌ಎಸ್‌ಡಿಎಲ್ ಖಾತೆ. ಹದಿನಾರೂ ಅಂಕಿಗಳೇ ಆಗಿದ್ದರೆ ಸಿಡಿಎಸ್‌ಎಲ್ ಖಾತೆ. ಈ ಒಂದು ವ್ಯತ್ಯಾಸ ತಿಳಿಯದೆ ತಪ್ಪು ನಮೂನೆ ತುಂಬಿದವರ ಸಂಖ್ಯೆ ಸಣ್ಣದಲ್ಲ.

ಲಕ್ಷಣ: ಹೊಸ ಬ್ರೋಕರ್‌ನ ಆ್ಯಪ್‌ನಲ್ಲಿ ನನ್ನ ಹಳೆಯ ಷೇರುಗಳು ಕಾಣುತ್ತಿಲ್ಲ

ಇದು ದೋಷವೇ ಅಲ್ಲ. ಹೊಸ ಬ್ರೋಕರ್‌ನ ಆ್ಯಪ್ ತನ್ನ ಡಿಪಿಯಲ್ಲಿರುವ ಖಾತೆಯನ್ನು ಮಾತ್ರ ಓದುತ್ತದೆ. ಕೆಲವು ಆ್ಯಪ್‌ಗಳು ಹೊರಗಿನ ಖಾತೆಗಳ ಷೇರುಗಳನ್ನೂ ತೋರಿಸುವ ಸೌಲಭ್ಯ ಕೊಡುತ್ತವೆ, ಆದರೆ ತೋರಿಸಿದ ಮಾತ್ರಕ್ಕೆ ಅವನ್ನು ಅಲ್ಲಿಂದ ಮಾರಬಹುದೆಂದು ಅರ್ಥವಲ್ಲ. ಒಟ್ಟು ವಿವರಪಟ್ಟಿಯಲ್ಲಿ ಷೇರು ಹಳೆಯ ಖಾತೆಯಲ್ಲೇ ಇದ್ದರೆ ನಿಶ್ಚಿಂತೆಯಿಂದ ವರ್ಗಾವಣೆಯ ಕೆಲಸಕ್ಕೆ ಹೊರಡಬಹುದು.

ವಿವರಪಟ್ಟಿಯಲ್ಲೂ ಷೇರು ಇಲ್ಲವೆಂದಾದರೆ ವಿಷಯ ಬೇರೆ. ಆಗ ಎರಡು ಸಾಧ್ಯತೆಗಳನ್ನು ನೋಡಬೇಕು. ಮೊದಲನೆಯದು, ಷೇರು ಇನ್ನೂ ಕಾಗದದ ಪ್ರಮಾಣಪತ್ರದ ರೂಪದಲ್ಲೇ ಉಳಿದಿರುವುದು. 2019ರ ಏಪ್ರಿಲ್ 1ರಿಂದ ಪಟ್ಟಿಯಾದ ಕಂಪನಿಗಳ ಕಾಗದದ ಷೇರನ್ನು ಮಾರಾಟದ ಮೂಲಕ ವರ್ಗಾಯಿಸಲು ಅವಕಾಶವಿಲ್ಲದ ಕಾರಣ, ಅದನ್ನು ಮೊದಲು ಡಿಮ್ಯಾಟ್ ರೂಪಕ್ಕೆ ತರಬೇಕು. ಎರಡನೆಯದು, ಸತತ ಏಳು ವರ್ಷ ಲಾಭಾಂಶವನ್ನು ಪಡೆಯದೆ ಬಿಟ್ಟಿದ್ದರಿಂದ ಷೇರು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗಿರುವುದು. ಅದನ್ನು ಐಇಪಿಎಫ್-5 ಎಂಬ ಅರ್ಜಿಯ ಮೂಲಕ ಮರಳಿ ಪಡೆಯಬಹುದು, ಆದರೆ ಅದು ತಿಂಗಳುಗಳ ಕೆಲಸ. ಈ ಎರಡೂ ಸಂದರ್ಭಗಳಲ್ಲಿ ಬ್ರೋಕರ್ ಬದಲಾಯಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಯನ್ನೇ ಸಂಪರ್ಕಿಸಬೇಕು.

ಲಕ್ಷಣ: ಮಾರಾಟದ ಆರ್ಡರ್ ತಿರಸ್ಕೃತವಾಗುತ್ತಿದೆ

ತಿರಸ್ಕಾರದ ಸಂದೇಶವನ್ನು ಪೂರ್ತಿ ಓದಬೇಕು, ಏಕೆಂದರೆ ಕಾರಣ ಅದರಲ್ಲೇ ಇರುತ್ತದೆ. ಖಾತೆಯಲ್ಲಿ ಷೇರು ಸಾಲದು ಎಂದಿದ್ದರೆ ಷೇರು ಇನ್ನೂ ಹೊಸ ಖಾತೆಗೆ ಬಂದಿಲ್ಲ ಎಂದರ್ಥ. ಮಾರ್ಜಿನ್, ಅಂದರೆ ವಹಿವಾಟಿಗೆ ಭದ್ರತೆಯಾಗಿ ಇಡಬೇಕಾದ ಹಣ, ಸಾಲದು ಎಂದಿದ್ದರೆ, ಬಹುಶಃ ಬೇರೆ ಡಿಪಿಯ ಖಾತೆಯನ್ನು ಜೋಡಿಸಿಕೊಂಡ ಬ್ರೋಕರ್ ಬಳಿ ನೀವು ಮಾರುತ್ತಿದ್ದೀರಿ. ಷೇರನ್ನು ಮುಂಚಿತವಾಗಿ ಒಪ್ಪಿಸದ ಮಾರಾಟಕ್ಕೂ ಷೇರುಗಳನ್ನು ನೇರವಾಗಿ ಕೊಂಡು ಮಾರುವ ನಗದು ವಿಭಾಗದಲ್ಲಿ ಮಾರ್ಜಿನ್ ಹಣ ಇರಬೇಕಾಗುತ್ತದೆ. ಷೇರನ್ನು ಮೊದಲೇ ಒಪ್ಪಿಸಿದರೆ ಆ ಹೊರೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಖಾತೆಯಲ್ಲಿರುವ ಷೇರನ್ನು ಒಪ್ಪಿಸುವ ಡೆಲಿವರಿ ಆರ್ಡರ್ ತಿರಸ್ಕೃತವಾಯಿತೆಂದು ಬೇಸತ್ತು ಅದೇ ಆರ್ಡರನ್ನು ಇಂಟ್ರಾಡೇ (ಅಂದೇ ಮಾರಿ ಅಂದೇ ಮರಳಿ ಕೊಳ್ಳುವ ವಹಿವಾಟು) ಎಂದು ಬದಲಾಯಿಸಿ ಹಾಕಬೇಡಿ. ಅದು ಸ್ವೀಕೃತವಾಗಬಹುದು, ಮಾರಾಟವಾದಂತೆಯೂ ಕಾಣಬಹುದು. ಆದರೆ ಬ್ರೋಕರ್‌ನ ಲೆಕ್ಕದಲ್ಲಿ ನೀವು ಕೈಯಲ್ಲಿಲ್ಲದ ಷೇರನ್ನು ಮಾರಿದ್ದೀರಿ. ಅಂದಿನ ವಹಿವಾಟು ಮುಗಿಯುವ ಮುನ್ನ ಅದನ್ನು ಅಂದಿನ ಬೆಲೆಗೆ ಮರಳಿ ಕೊಳ್ಳಲಾಗುತ್ತದೆ, ಬೆಲೆ ಏರಿದ್ದರೆ ನಷ್ಟ ನಿಮ್ಮದು. ಆ ದಿನ ಷೇರಿನ ಬೆಲೆ ಅಂದಿಗೆ ಅನುಮತಿಸಿದ ಗರಿಷ್ಠ ಮಿತಿಗೆ ತಾಗಿ ಮಾರುವವರೇ ಇಲ್ಲದಿದ್ದರೆ ಮರಳಿ ಕೊಳ್ಳಲೂ ಆಗದೆ ನೇರವಾಗಿ ಮುಂದೆ ವಿವರಿಸುವ ಹರಾಜಿಗೆ ಹೋಗುತ್ತದೆ.

ಷೇರು ಹೊಸ ಖಾತೆಯಲ್ಲಿ ಕಾಣುತ್ತಿದ್ದರೂ ಆರ್ಡರ್ ಹೋಗದಿದ್ದರೆ ಟಿ-ಪಿನ್ (ಡಿಪಾಸಿಟರಿ ಕೊಡುವ ಗುಪ್ತಸಂಖ್ಯೆ) ಮತ್ತು ಒಟಿಪಿ ಮೂಲಕ ಒಪ್ಪಿಗೆ ಕೊಟ್ಟಿದ್ದೀರಾ ಎಂದು ನೋಡಿ. ಸಿಡಿಎಸ್‌ಎಲ್ ಖಾತೆಯಿಂದ ಮಾರುವಾಗ, ಮಾರಿದ ಷೇರನ್ನು ಒಪ್ಪಿಸಲು ಬ್ರೋಕರ್‌ಗೆ ಅನುಮತಿ ಕೊಡುವ ಡಿಡಿಪಿಐ ಎಂಬ ಅಧಿಕಾರಪತ್ರವನ್ನು ಕೊಡದವರು ಈ ಒಪ್ಪಿಗೆಯನ್ನು ಪ್ರತಿ ಬಾರಿ ಕೊಡಬೇಕು. ಹಳೆಯ ಬ್ರೋಕರ್‌ಗೆ ಬರೆದುಕೊಟ್ಟ ಮುಕ್ತ್ಯಾರುನಾಮೆಯಾಗಲಿ, 2022ರಲ್ಲಿ ಅದರ ಬದಲಿಗೆ ಬಂದ ಡಿಡಿಪಿಐ ಆಗಲಿ ಹೊಸ ಬ್ರೋಕರ್‌ಗೆ ಅನ್ವಯಿಸುವುದಿಲ್ಲ. ಹಿಂದೆ ಒಂದು ಗುಂಡಿ ಒತ್ತಿದರೆ ಸಾಕಾಗುತ್ತಿದ್ದುದು ಈಗ ಏಕೆ ಒಟಿಪಿ ಕೇಳುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಲಕ್ಷಣ: ವರ್ಗಾವಣೆಯ ಕೋರಿಕೆ ತಿರಸ್ಕೃತವಾಗಿದೆ, ಅಥವಾ ಎಲ್ಲೋ ನಿಂತುಬಿಟ್ಟಿದೆ

ಹೆಚ್ಚು ಜನ ಸಿಕ್ಕಿಕೊಳ್ಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ವರ್ಗಾವಣೆಯನ್ನು ಎರಡು ಬಗೆಯಲ್ಲಿ ಮಾಡಬಹುದು. ಸಿಡಿಎಸ್‌ಎಲ್‌ನ ಈಸಿಯೆಸ್ಟ್ ಅಥವಾ ಎನ್‌ಎಸ್‌ಡಿಎಲ್‌ನ ಸ್ಪೀಡ್-ಇ ಜಾಲತಾಣದಲ್ಲಿ ನೀವೇ ಮಾಡುವುದು ಒಂದು ಬಗೆ. ಡಿಐಎಸ್ ಎಂದು ಕರೆಯುವ ವಿತರಣಾ ಸೂಚನಾ ಚೀಟಿಯನ್ನು ತುಂಬಿ ಸಹಿ ಮಾಡಿ ಹಳೆಯ ಡಿಪಿಗೆ ಕೊಡುವುದು ಇನ್ನೊಂದು. ಚೆಕ್ ಪುಸ್ತಕದಂತೆ ಈ ಚೀಟಿಗಳಿಗೂ ಕ್ರಮಸಂಖ್ಯೆ ಇರುತ್ತದೆ, ಮತ್ತು ಚೆಕ್ಕಿನಷ್ಟೇ ಜಾಗರೂಕತೆಯಿಂದ ಅವನ್ನು ಕಾಪಾಡಬೇಕು. ಖಾಲಿ ಚೀಟಿಗೆ ಸಹಿ ಮಾಡಿ ಯಾರಿಗೂ ಕೊಡಬೇಡಿ. ಎಷ್ಟೇ ಪರಿಚಯದ ಏಜೆಂಟ್ ಆದರೂ ಬೇಡ.

ಆನ್‌ಲೈನ್ ದಾರಿಯಲ್ಲಿ ಮೊದಲು ನೋಡಬೇಕಾದದ್ದು ಒಟಿಪಿ. ಮಾರುಕಟ್ಟೆಯ ಹೊರಗಿನ ವರ್ಗಾವಣೆಗೆ ಡಿಪಾಸಿಟರಿಯೇ ಖಾತೆದಾರರಿಂದ ಒಟಿಪಿ ಮೂಲಕ ಒಪ್ಪಿಗೆ ಪಡೆಯುತ್ತದೆ. ಆ ಸಂದೇಶ ಹೋಗುವುದು ಹಳೆಯ ಡಿಮ್ಯಾಟ್ ಖಾತೆಯಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಗೆ ಮತ್ತು ಇ-ಮೇಲ್‌ಗೆ. ಹತ್ತು ವರ್ಷದ ಹಿಂದಿನ ಖಾತೆಯಲ್ಲಿ ಈಗ ಬಳಕೆಯಲ್ಲಿಲ್ಲದ ಸಂಖ್ಯೆ ಇದ್ದರೆ ಕೋರಿಕೆ ಒಪ್ಪಿಗೆಗಾಗಿ ಕಾದು ಕಾದು ರದ್ದಾಗುತ್ತದೆ. ಹೊಸ ಖಾತೆಯನ್ನು ಮೊದಲು ವಿಶ್ವಾಸಾರ್ಹ ಖಾತೆಯೆಂದು ಸೇರಿಸಿಕೊಳ್ಳುವ ಹೆಜ್ಜೆಯನ್ನು ಬಿಟ್ಟಿದ್ದರೂ ವರ್ಗಾವಣೆ ಮುಂದೆ ಹೋಗುವುದಿಲ್ಲ.

ಚೀಟಿಯ ದಾರಿಯಲ್ಲಿ ತಿರಸ್ಕಾರಕ್ಕೆ ಕಾರಣಗಳು ಇನ್ನೂ ಹೆಚ್ಚು. ಸಹಿ ಹೊಂದದಿರುವುದು ಅವುಗಳಲ್ಲಿ ಮೊದಲನೆಯದು. ಖಾತೆ ತೆರೆದಾಗ ಕನ್ನಡದಲ್ಲಿ ಸಹಿ ಮಾಡಿ ಈಗ ಇಂಗ್ಲಿಷಿನಲ್ಲಿ ಮಾಡಿದರೆ ಡಿಪಿ ಅದನ್ನು ಒಪ್ಪುವುದಿಲ್ಲ. ಜಂಟಿ ಖಾತೆಯಾದರೆ ಎಲ್ಲ ಖಾತೆದಾರರ ಸಹಿಯೂ ಬೇಕು. ಹಳೆಯ ಮತ್ತು ಹೊಸ ಖಾತೆಗಳು ಬೇರೆ ಬೇರೆ ಡಿಪಾಸಿಟರಿಗಳಲ್ಲಿದ್ದರೆ ಅಂತರ-ಡಿಪಾಸಿಟರಿ ವರ್ಗಾವಣೆಯ ಭಾಗವನ್ನು ತುಂಬಬೇಕೇ ಹೊರತು ಸಾಮಾನ್ಯ ವರ್ಗಾವಣೆಯ ಭಾಗವನ್ನಲ್ಲ. ಐಎಸ್‌ಐಎನ್ ಎಂಬ 12 ಅಂಕಿ-ಅಕ್ಷರಗಳ ಗುರುತು ಸಂಖ್ಯೆಯನ್ನು ಹಳೆಯ ಕಾಗದದಿಂದ ನಕಲು ಮಾಡಬಾರದು. ಕಂಪನಿಯು ಷೇರಿನ ಮುಖಬೆಲೆಯನ್ನು ವಿಭಜಿಸಿದ್ದರೆ ಆ ಸಂಖ್ಯೆಯೇ ಬದಲಾಗಿರುತ್ತದೆ. ವರ್ಗಾವಣೆಯ ಕಾರಣವನ್ನು ಕೇಳುವ ಜಾಗದಲ್ಲಿ ಸ್ವಂತ ಖಾತೆಗೆ ವರ್ಗಾವಣೆ ಎಂಬುದನ್ನೇ ಆರಿಸಬೇಕು. ಮಾರಾಟ ಎಂದು ಬರೆದರೆ ಮುದ್ರಾಂಕ ಶುಲ್ಕದ ಪ್ರಶ್ನೆ ಏಳುತ್ತದೆ.

ಹೆಸರಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಹಳೆಯ ಖಾತೆ ಗಂಡ-ಹೆಂಡತಿಯರ ಜಂಟಿ ಹೆಸರಿನಲ್ಲಿದ್ದು ಹೊಸ ಖಾತೆ ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದರೆ ಅದನ್ನು ಸ್ವಂತ ಖಾತೆಗೆ ಮಾಡಿದ ವರ್ಗಾವಣೆಯೆಂದು ಪರಿಗಣಿಸುವುದಿಲ್ಲ. ಹೆಸರುಗಳೂ ಅವುಗಳ ಕ್ರಮವೂ ಪ್ಯಾನ್ ಸಂಖ್ಯೆಯೂ ಎರಡೂ ಕಡೆ ಒಂದೇ ಆಗಿರಬೇಕು. ಹಾಗೆ ಒಂದೇ ಆಗಿದ್ದು, ಹಳೆಯ ಖಾತೆಯನ್ನು ಪೂರ್ತಿ ಮುಚ್ಚಿ ಎಲ್ಲ ಷೇರುಗಳನ್ನೂ ಹೊಸ ಖಾತೆಗೆ ಒಯ್ಯುವುದಾದರೆ ವರ್ಗಾವಣೆಗೆ ಶುಲ್ಕ ಪಡೆಯುವಂತಿಲ್ಲ. ಹಳೆಯ ಬ್ರೋಕರ್ ಜೊತೆ ವ್ಯವಹಾರ ಮುಗಿಸುವ ಉದ್ದೇಶವೇ ಇದ್ದರೆ ಬಿಡಿಬಿಡಿಯಾಗಿ ವರ್ಗಾಯಿಸಿ ಪ್ರತಿ ಕಂಪನಿಗೂ ಶುಲ್ಕ ಕೊಡುವುದಕ್ಕಿಂತ ಖಾತೆ ಮುಚ್ಚುವ ಅರ್ಜಿಯನ್ನೇ ಕೊಡುವುದು ಒಳಿತು. ಬಾಕಿ ಶುಲ್ಕ ಉಳಿದಿದ್ದರೆ ಅದನ್ನು ಮೊದಲು ತೀರಿಸಿ. ಅರ್ಜಿ ನಿಂತುಹೋಗಲು ಅದೊಂದೇ ಸಾಕು.

ಲಕ್ಷಣ: ಷೇರು ಹಳೆಯ ಖಾತೆಯಿಂದ ಹೋಗಿದೆ, ಹೊಸ ಖಾತೆಗೆ ಬಂದಿಲ್ಲ

ಒಂದು ಕೆಲಸದ ದಿನ ಕಾಯಿರಿ. ಎರಡು ಬೇರೆ ಡಿಪಾಸಿಟರಿಗಳ ನಡುವಿನ ವರ್ಗಾವಣೆಗೆ ಅಷ್ಟು ಸಮಯ ಸಹಜ, ಆ್ಯಪ್‌ನಲ್ಲಿ ಕಾಣಿಸಲು ಇನ್ನಷ್ಟು ತಡವಾಗಬಹುದು. ಆಮೇಲೂ ಬರದಿದ್ದರೆ ಹೊಸ ಡಿಪಾಸಿಟರಿಯ ಜಾಲತಾಣದಲ್ಲಿ ನೇರವಾಗಿ ಲಾಗಿನ್ ಆಗಿ ನೋಡಿ. ಅಲ್ಲಿ ಇದ್ದು ಬ್ರೋಕರ್‌ನ ಆ್ಯಪ್‌ನಲ್ಲಿ ಇಲ್ಲದಿದ್ದರೆ ಅದು ಬ್ರೋಕರ್‌ನ ತೋರಿಕೆಯ ಸಮಸ್ಯೆ ಮಾತ್ರ, ಷೇರು ಸುರಕ್ಷಿತವಾಗಿದೆ. ಅಲ್ಲಿಯೂ ಇಲ್ಲದಿದ್ದರೆ, ಬರುವ ಷೇರನ್ನು ತಾನಾಗಿಯೇ ಸ್ವೀಕರಿಸುವ ಶಾಶ್ವತ ಸೂಚನೆ ಹೊಸ ಖಾತೆಯಲ್ಲಿ ಇದೆಯೇ ಎಂದು ಹೊಸ ಡಿಪಿಯನ್ನು ಕೇಳಿ. ಖಾತೆ ತೆರೆಯುವ ನಮೂನೆಯಲ್ಲಿ ಆ ಆಯ್ಕೆಗೆ ಇಲ್ಲ ಎಂದು ಗುರುತು ಹಾಕಿದ್ದರೆ ಪ್ರತಿ ಬಾರಿಯೂ ಸ್ವೀಕೃತಿಯ ಸೂಚನೆ ಕೊಡಬೇಕಾಗುತ್ತದೆ.

ಚೀಟಿಯಲ್ಲಿ ಖಾತೆ ಸಂಖ್ಯೆಯನ್ನು ತಪ್ಪಾಗಿ ಬರೆದು ಷೇರು ಬೇರೆಯವರ ಖಾತೆಗೆ ಹೋಗಿದೆ ಎಂಬ ಅನುಮಾನ ಬಂದರೆ ಸ್ವಂತ ಪ್ರಯತ್ನವನ್ನು ನಿಲ್ಲಿಸಿ, ಅದೇ ದಿನ ಹಳೆಯ ಡಿಪಿಗೆ ಲಿಖಿತವಾಗಿ ತಿಳಿಸಿ. ಮಾರುಕಟ್ಟೆಯ ಹೊರಗಿನ ವರ್ಗಾವಣೆಯನ್ನು ಒಮ್ಮೆ ಮಾಡಿದ ಮೇಲೆ ಪಡೆದವರ ಒಪ್ಪಿಗೆಯಿಲ್ಲದೆ ಹಿಂದಕ್ಕೆ ತರುವುದು ಬಹಳ ಕಷ್ಟ. ಹೆಚ್ಚಿನ ಮೌಲ್ಯದ ಷೇರುಗಳಿದ್ದಾಗ ಮೊದಲು ಒಂದೇ ಒಂದು ಷೇರನ್ನು ಕಳುಹಿಸಿ, ಅದು ಬಂದು ಸೇರಿದ ಮೇಲೆ ಉಳಿದದ್ದನ್ನು ಕಳುಹಿಸುವುದು ಸ್ವಲ್ಪ ಶುಲ್ಕ ಹೆಚ್ಚಾದರೂ ಯೋಗ್ಯವಾದ ಕ್ರಮ.

ಲಕ್ಷಣ: ಮಾರಾಟವಾಯಿತು, ಆದರೆ ಷೇರು ಒಪ್ಪಿಸಿಲ್ಲವೆಂದು ಸಂದೇಶ ಬಂದಿದೆ

ಇದು ಎಲ್ಲಕ್ಕಿಂತ ಗಂಭೀರವಾದ ಲಕ್ಷಣ, ಮತ್ತು ಇಲ್ಲಿ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡಬೇಕು. 2023ರ ಜನವರಿ 27ರಿಂದ ಭಾರತದಲ್ಲಿ ಎಲ್ಲ ಷೇರುಗಳ ಲೆಕ್ಕ ಚುಕ್ತಾ ವಹಿವಾಟಿನ ಮರುದಿನವೇ ಆಗುತ್ತದೆ. ಸೋಮವಾರ ಮಾರಿದ ಷೇರು ಮಂಗಳವಾರ, ಕೊಂಡವರ ಮತ್ತು ಮಾರಿದವರ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ತಲುಪಲೇಬೇಕು. ಹಳೆಯ ಡಿಮ್ಯಾಟ್ ಖಾತೆಯನ್ನು ಜೋಡಿಸಿ ಮಾರಿದವರು ಸೋಮವಾರವೇ, ಡಿಪಿ ಗೊತ್ತುಪಡಿಸಿದ ಸಮಯದೊಳಗೆ ಚೀಟಿ ಕೊಡಬೇಕು. ಹಿಂದೆ ಎರಡು ದಿನ ಸಮಯವಿದ್ದ ಕಾಲದ ಅಭ್ಯಾಸದಲ್ಲಿ ನಾಳೆ ಕೊಟ್ಟರಾಯಿತು ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಚೀಟಿಯನ್ನು ಸಮಯಕ್ಕೆ ಕೊಟ್ಟಿದ್ದರೂ ಅದು ತಿರಸ್ಕೃತವಾಗಿರಬಹುದು. ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2022ರ ಕ್ರಮದಂತೆ ಡಿಪಾಸಿಟರಿಯು ನಿಮ್ಮ ಸೂಚನೆಯನ್ನು ಕ್ಲಿಯರಿಂಗ್ ಕಾರ್ಪೊರೇಷನ್ ಕಳುಹಿಸಿದ, ಯಾರು ಎಷ್ಟು ಷೇರು ಒಪ್ಪಿಸಬೇಕೆಂಬ ಬಾಧ್ಯತೆಯ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಹೊಸ ಬ್ರೋಕರ್ ನಿಮಗೆ ಕೊಟ್ಟ ಗ್ರಾಹಕ ಸಂಕೇತ, ಬ್ರೋಕರ್‌ನ ಸಂಕೇತಗಳು, ಐಎಸ್‌ಐಎನ್ ಇವುಗಳಲ್ಲಿ ಒಂದು ಹೊಂದದಿದ್ದರೂ ಸೂಚನೆ ಬಿದ್ದುಹೋಗುತ್ತದೆ. ಆ ಗ್ರಾಹಕ ಸಂಕೇತಕ್ಕೆ ನಿಮ್ಮ ಹಳೆಯ ಡಿಮ್ಯಾಟ್ ಖಾತೆಯನ್ನು ಜೋಡಿಸಲಾಗಿದೆ ಎಂಬ ಲಿಖಿತ ಖಚಿತತೆಯನ್ನು ಮಾರುವ ಮೊದಲೇ ಹೊಸ ಬ್ರೋಕರ್‌ನಿಂದ ಪಡೆದಿರಬೇಕು. ಫೋನಿನಲ್ಲಿ ಆಗಿದೆ ಎಂದು ಹೇಳಿದ ಮಾತು ಸಾಲದು.

ಷೇರು ತಲುಪದಿದ್ದರೆ ಕೊಂಡವರಿಗಾಗಿ ವಿನಿಮಯ ಕೇಂದ್ರದ ವ್ಯವಸ್ಥೆಯಲ್ಲಿ ಹರಾಜು ನಡೆಯುತ್ತದೆ. ಉದಾಹರಣೆಗೆ, 500 ರೂಪಾಯಿಯಂತೆ 100 ಷೇರು ಮಾರಿದವರ ಷೇರು ಬರದೆ ಹರಾಜಿನಲ್ಲಿ 530 ರೂಪಾಯಿಗೆ ಕೊಳ್ಳಬೇಕಾದರೆ 3,000 ರೂಪಾಯಿ ವ್ಯತ್ಯಾಸವೂ ಅದರ ಮೇಲೆ ದಂಡ ಮತ್ತು ಶುಲ್ಕವೂ ಮಾರಿದವರ ಪಾಲು. ಹರಾಜಿನಲ್ಲೂ ಷೇರು ಸಿಗದಿದ್ದರೆ ಹಣದಲ್ಲಿ ಚುಕ್ತಾ ಮಾಡಲಾಗುತ್ತದೆ, ಆಗ ಬೆಲೆ ಮುಕ್ತಾಯದ ಬೆಲೆಗಿಂತ ಶೇ 20ರಷ್ಟು ಅಥವಾ ಅದಕ್ಕೂ ಹೆಚ್ಚಾಗಬಹುದು. ನಿಮ್ಮ ಷೇರುಗಳು ಹಳೆಯ ಖಾತೆಯಲ್ಲಿ ಹಾಗೆಯೇ ಇರುತ್ತವೆ ನಿಜ, ಆದರೆ ಈ ನಷ್ಟ ಅವುಗಳಿಂದ ತುಂಬುವುದಿಲ್ಲ. ಆದ್ದರಿಂದ ಸಂದೇಶ ಬಂದ ಕೂಡಲೇ ಹೊಸ ಬ್ರೋಕರ್‌ನ ಲೆಕ್ಕ ಚುಕ್ತಾ ವಿಭಾಗಕ್ಕೆ ಕರೆ ಮಾಡಿ, ಒಪ್ಪಿಸಲು ಇನ್ನೂ ಸಮಯವಿದೆಯೇ ಎಂದು ಕೇಳಿ, ಇದ್ದರೆ ಹಳೆಯ ಡಿಪಿಯ ಶಾಖೆಗೆ ಖುದ್ದಾಗಿ ಹೋಗಿ. ಸಮಯ ಮೀರಿದ್ದರೆ ಮತ್ತೊಂದು ಚೀಟಿ ಕೊಡಬೇಡಿ. ಅದರಿಂದ ಗೊಂದಲ ಹೆಚ್ಚುವುದೇ ಹೊರತು ಹರಾಜು ನಿಲ್ಲುವುದಿಲ್ಲ.

ಲಕ್ಷಣ: ಷೇರು ಖಾತೆಯಲ್ಲಿದೆ, ಆದರೆ ಅಲುಗಾಡಿಸಲು ಆಗುತ್ತಿಲ್ಲ

ವಿವರಪಟ್ಟಿಯಲ್ಲಿ ಷೇರಿನ ಸಂಖ್ಯೆಯ ಪಕ್ಕದಲ್ಲಿ ಮುಕ್ತ, ಪ್ಲೆಡ್ಜ್ (ಒತ್ತೆ), ಲಾಕ್-ಇನ್ (ನಿಗದಿತ ಅವಧಿಯವರೆಗೆ ಮಾರಲಾಗದ್ದು) ಎಂಬ ವಿಂಗಡಣೆ ಇರುತ್ತದೆ. ಹಳೆಯ ಬ್ರೋಕರ್ ಬಳಿ ಮಾರ್ಜಿನ್‌ಗಾಗಿ ಪ್ಲೆಡ್ಜ್ ಮಾಡಿದ್ದರೆ ಅದನ್ನು ಬಿಡಿಸುವವರೆಗೂ ವರ್ಗಾಯಿಸಲಾಗದು. ಲಾಕ್-ಇನ್ ಇದ್ದರೆ ಅವಧಿ ಮುಗಿಯುವವರೆಗೆ ಕಾಯುವುದೊಂದೇ ದಾರಿ. ಇಡೀ ಖಾತೆಯೇ ಸ್ತಂಭನಗೊಂಡಿದ್ದರೆ ಕೆವೈಸಿ ವಿವರಗಳು ಅಪೂರ್ಣವಾಗಿರಬಹುದು ಅಥವಾ ಪ್ಯಾನ್-ಆಧಾರ್ ಜೋಡಣೆ ಆಗಿಲ್ಲದಿರಬಹುದು. ಇವನ್ನು ಹಳೆಯ ಡಿಪಿಯ ಬಳಿಯೇ ಸರಿಪಡಿಸಬೇಕು. ಸ್ತಂಭನಕ್ಕೆ ನ್ಯಾಯಾಲಯದ, ತೆರಿಗೆ ಇಲಾಖೆಯ ಅಥವಾ ಸೆಬಿಯ ಆದೇಶ ಕಾರಣವೆಂದು ತಿಳಿದರೆ ಅಲ್ಲಿಗೆ ನಿಲ್ಲಿಸಿ ವಕೀಲರ ಸಲಹೆ ಪಡೆಯಿರಿ. ಖಾತೆದಾರರು ತೀರಿಕೊಂಡಿದ್ದರೆ ಅವರ ಲಾಗಿನ್ ಬಳಸಿ ಮಾರುವುದಾಗಲಿ ವರ್ಗಾಯಿಸುವುದಾಗಲಿ ಸಲ್ಲದು; ನಾಮಿನಿ ಅಥವಾ ವಾರಸುದಾರರ ಹೆಸರಿಗೆ ಷೇರು ಮೊದಲು ಬರಬೇಕು.

ಲಕ್ಷಣ: ವರ್ಗಾವಣೆಯ ನಂತರ ಕೊಂಡ ಬೆಲೆ ಸೊನ್ನೆ ಎಂದು ತೋರಿಸುತ್ತಿದೆ

ಡಿಪಾಸಿಟರಿಗೆ ಷೇರಿನ ಸಂಖ್ಯೆ ಮಾತ್ರ ಗೊತ್ತು, ನೀವು ಕೊಟ್ಟ ಬೆಲೆ ಗೊತ್ತಿಲ್ಲ. ಹೀಗಾಗಿ ಹೊಸ ಬ್ರೋಕರ್ ಬಳಿ ಕೊಂಡ ಬೆಲೆ ಮತ್ತು ದಿನಾಂಕ ಖಾಲಿಯಾಗಿರುತ್ತವೆ, ಅಥವಾ ವರ್ಗಾವಣೆಯ ದಿನವನ್ನೇ ಖರೀದಿಯ ದಿನವೆಂದು ತೋರಿಸಲಾಗುತ್ತದೆ. ಇದನ್ನು ಹಾಗೆಯೇ ಬಿಟ್ಟು ಬ್ರೋಕರ್ ಕೊಟ್ಟ ಲಾಭ-ನಷ್ಟದ ಪಟ್ಟಿಯಿಂದ ತೆರಿಗೆ ವಿವರ ಸಲ್ಲಿಸಿದರೆ, 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರಿಗೂ ಅಲ್ಪಾವಧಿಯ ಶೇ 20ರ ದರದಲ್ಲಿ ತೆರಿಗೆ ಕಟ್ಟಬೇಕಾಗಿ ಬರಬಹುದು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ದರ ಶೇ 12.5 ಇದ್ದು, ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಸ್ವಂತ ಖಾತೆಗೆ ಷೇರನ್ನು ವರ್ಗಾಯಿಸಿದ್ದು ಮಾರಾಟವಲ್ಲವಾದ್ದರಿಂದ ಮೂಲ ಖರೀದಿಯ ದಿನ ಮತ್ತು ಬೆಲೆಯೇ ಲೆಕ್ಕಕ್ಕೆ ಬರುತ್ತದೆ.

ಹಳೆಯ ಬ್ರೋಕರ್‌ನ ಕಾಂಟ್ರ್ಯಾಕ್ಟ್ ನೋಟುಗಳನ್ನೂ (ವಹಿವಾಟಿನ ದಿನ, ಬೆಲೆ ತೋರಿಸುವ ಪತ್ರಗಳು) ವರ್ಷವಾರು ಲೆಕ್ಕಪಟ್ಟಿಗಳನ್ನೂ ಆ ಖಾತೆ ಮುಚ್ಚುವ ಮೊದಲೇ ಇಳಿಸಿಕೊಂಡಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಲಾಗಿನ್ ಸಿಗುವುದಿಲ್ಲ. ಒಂದೇ ಕಂಪನಿಯ ಷೇರನ್ನು ಬೇರೆ ಬೇರೆ ವರ್ಷಗಳಲ್ಲಿ, ಎರಡೂ ಖಾತೆಗಳಲ್ಲಿ ಕೊಂಡಿದ್ದರೆ ಲೆಕ್ಕ ಜಟಿಲವಾಗುತ್ತದೆ. ಮೊದಲು ಬಂದದ್ದು ಮೊದಲು ಹೋಯಿತು ಎಂಬ ಸೂತ್ರವನ್ನು ಪ್ರತಿ ಡಿಮ್ಯಾಟ್ ಖಾತೆಗೂ ಪ್ರತ್ಯೇಕವಾಗಿ ಅನ್ವಯಿಸಬೇಕೆಂದು ನೇರ ತೆರಿಗೆ ಮಂಡಳಿ 1998ರಲ್ಲೇ ತಿಳಿಸಿದೆ. ಇಂತಹ ಮಿಶ್ರ ಖರೀದಿಗಳಿದ್ದರೆ ಲೆಕ್ಕಪರಿಶೋಧಕರ ನೆರವು ಪಡೆಯುವುದು ಸೂಕ್ತ.

ಲಕ್ಷಣ: ಹಳೆಯ ಬ್ರೋಕರ್ ಉತ್ತರವನ್ನೇ ಕೊಡುತ್ತಿಲ್ಲ

ಬ್ರೋಕರ್ ಬಾಗಿಲು ಮುಚ್ಚಿದರೂ ಷೇರು ನಿಮ್ಮ ಹೆಸರಿನಲ್ಲಿ ಡಿಪಾಸಿಟರಿಯಲ್ಲೇ ಇರುತ್ತದೆ. ಮೊದಲು ಆ ಸಂಸ್ಥೆಯ ದೂರು ವಿಭಾಗಕ್ಕೆ ಇ-ಮೇಲ್ ಬರೆದು ದೂರಿನ ಸಂಖ್ಯೆ ಪಡೆಯಿರಿ. ಚೀಟಿ ಕೊಟ್ಟಿದ್ದರೆ ಡಿಪಿಯ ಮೊಹರು ಮತ್ತು ಸಮಯವಿರುವ ಸ್ವೀಕೃತಿಯ ಪ್ರತಿಯನ್ನು ಜೊತೆಗಿಡಿ. ನಿಮ್ಮ ಕೈಯಲ್ಲಿರುವ ಅತಿ ಬಲವಾದ ದಾಖಲೆ ಅದು. ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಸಂಸ್ಥೆಯು 21 ದಿನಗಳೊಳಗೆ ತಾನು ಕೈಗೊಂಡ ಕ್ರಮದ ವರದಿ ಕೊಡಬೇಕು. ಅದರಿಂದಲೂ ತೃಪ್ತಿಯಾಗದಿದ್ದರೆ 2023ರಲ್ಲಿ ಆರಂಭವಾದ ಸ್ಮಾರ್ಟ್ ಒಡಿಆರ್ ಎಂಬ ಆನ್‌ಲೈನ್ ವ್ಯಾಜ್ಯ ಪರಿಹಾರ ವೇದಿಕೆ ಇದೆ.

ಈ ಹಂತದಲ್ಲಿ ವಂಚಕರ ಕರೆಗಳು ಬರುವ ಸಾಧ್ಯತೆ ಹೆಚ್ಚು. ಷೇರು ವರ್ಗಾವಣೆ ಮಾಡಿಕೊಡುತ್ತೇವೆಂದು ಟಿ-ಪಿನ್, ಒಟಿಪಿ ಅಥವಾ ಪರದೆ ಹಂಚಿಕೊಳ್ಳುವ ಆ್ಯಪ್ ಕೇಳಿದವರು ಯಾರೇ ಆಗಿರಲಿ, ಕರೆ ಕತ್ತರಿಸಿ. ನಿಮ್ಮ ಒಪ್ಪಿಗೆಯಿಲ್ಲದೆ ಷೇರು ಖಾತೆಯಿಂದ ಹೋಗಿದ್ದರೆ ಅದೇ ದಿನ ಡಿಪಿಗೆ ತಿಳಿಸಿ ಖಾತೆಯನ್ನು ಸ್ತಂಭನಗೊಳಿಸಿ, 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ.